ಲಾವೋ ಷೆ: ಭಾಷಾಬೋಧಕನ ಬದುಕು ಮತ್ತು ಆಡುನುಡಿಯ ಕಥನ

೧

ಆಧುನಿಕ ಚೀನೀ ಸಾಹಿತ್ಯದ ಚರಿತ್ರೆಯಲ್ಲಿ ಲಾವೋ ಷೆ (೧೮೯೯-೧೯೬೬) ಎಂಬ ಹೆಸರು ಮುಖ್ಯವಾಗಿ ಎರಡು ಕೃತಿಗಳೊಂದಿಗೆ ತಳುಕು ಹಾಕಿಕೊಂಡಿದೆ. ಒಂದು, ಬೀಜಿಂಗ್ ನಗರದ ರಿಕ್ಷಾ ಎಳೆಯುವವನೊಬ್ಬನ ದುರಂತವನ್ನು ಚಿತ್ರಿಸುವ ‘ಒಂಟೆ ಶಿಯಾಂಗ್ಜಿ’ ಕಾದಂಬರಿ. ಇನ್ನೊಂದು, ‘ಚಹದಂಗಡಿ’ ನಾಟಕ. ನಗರದ ಬಡವರ ಮಾತನ್ನು ಸಾಹಿತ್ಯದ ಮಾತಾಗಿಸಿದ ಲೇಖಕನೆಂದು ವಿಮರ್ಶಕರು ಅವನನ್ನು ಗುರುತಿಸುತ್ತಾರೆ. ಆದರೆ ಅವನು ಲೇಖಕನಾಗುವ ಮೊದಲು ಶಿಕ್ಷಕನಾಗಿದ್ದ, ಲೇಖಕನಾದುದೇ ಲಂಡನ್ನಿನಲ್ಲಿ ವಯಸ್ಕ ವಿದೇಶೀಯರಿಗೆ ಚೀನೀ ಭಾಷೆಯನ್ನು ಕಲಿಸುತ್ತಿದ್ದ ಅವಧಿಯಲ್ಲಿ ಎಂಬ ಸಂಗತಿ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಒಂದು ಉದ್ಯೋಗದ ವಿವರವಾಗಿ ಮಾತ್ರ ಬಂದುಹೋಗುತ್ತದೆ. ೧೯೨೪ರಿಂದ ೧೯೨೯ರವರೆಗಿನ ಆ ಐದು ವರ್ಷಗಳು ಅವನ ಬರಹಕ್ಕೆ ಕೇವಲ ಪೂರ್ವಪೀಠಿಕೆಯಲ್ಲ, ಅದರ ಅಡಿಪಾಯವೇ ಆಗಿದ್ದವು ಎಂಬುದು ಪ್ರಸ್ತುತ ಲೇಖನದ ನಿಲುವು. ತನ್ನ ತಾಯ್ನುಡಿಯನ್ನು ಪರಕೀಯರ ಕಿವಿಗೆ ತಲುಪಿಸಬೇಕಾದವನು ಮೊದಲು ಅದನ್ನು ತಾನೇ ಹೊಸದಾಗಿ ಆಲಿಸಬೇಕಾಗುತ್ತದೆ. ಈ ಆಲಿಕೆಯು ಲಾವೋ ಷೆಯ ಬದುಕಿನಲ್ಲಿ ಹೇಗೆ ಕೆಲಸ ಮಾಡಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

೨

ಲಾವೋ ಷೆಯ ಹುಟ್ಟುಹೆಸರು ಷು ಛಿಂಗ್‌ಛುನ್. ೧೮೯೯ರ ಫೆಬ್ರವರಿ ೩ರಂದು ಬೀಜಿಂಗಿನ ಬಡ ಮಂಚೂ ಕುಟುಂಬವೊಂದರಲ್ಲಿ ಅವನು ಹುಟ್ಟಿದ. ಮಂಚೂ ಜನರನ್ನು ಛಿಂಗ್ ಅರಸೊತ್ತಿಗೆಯು ‘ಪತಾಕೆ’ಗಳೆಂಬ ಸೈನಿಕ ವಿಭಾಗಗಳಲ್ಲಿ ಸಂಘಟಿಸಿತ್ತು, ಷು ಮನೆತನ ಕೆಂಪು ಪತಾಕೆಗೆ ಸೇರಿದ್ದು. ತಂದೆ ರಾಜಧಾನಿಯ ಕಾವಲು ಪಡೆಯಲ್ಲಿ ಸಾಮಾನ್ಯ ಸೈನಿಕ. ೧೯೦೦ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸುವ ನೆಪದಲ್ಲಿ ಎಂಟು ರಾಷ್ಟ್ರಗಳ ಸೇನೆ ಬೀಜಿಂಗನ್ನು ಮುತ್ತಿದಾಗ ಆತ ಕಾಳಗದಲ್ಲಿ ಮಡಿದ. ಆಗ ಮಗುವಿಗೆ ಒಂದೂವರೆ ವರ್ಷ. ಮನೆಯನ್ನು ಲೂಟಿ ಮಾಡಲು ಬಂದ ವಿದೇಶೀ ಸೈನಿಕರು ಪೆಟ್ಟಿಗೆಯೊಂದನ್ನು ಮಗುಚಿದಾಗ ನಿದ್ರಿಸುತ್ತಿದ್ದ ಮಗು ಅದರಡಿಯಲ್ಲಿ ಸಿಲುಕಿ, ಅವರ ಕಣ್ಣಿಗೆ ಬೀಳದೆ ಉಳಿದುಕೊಂಡಿತೆಂಬ ಸಂಗತಿಯನ್ನು ಮುಂದೆ ಅವನೇ ಬರೆದಿದ್ದಾನೆ.

ಪರರ ಬಟ್ಟೆ ಒಗೆದು, ಹೊಲಿದು ತಾಯಿ ಸಂಸಾರವನ್ನು ಸಾಗಿಸಿದಳು. ಆಕೆಗೆ ಓದುಬರಹ ಬಾರದು. ಮಗನ ಓದಿಗೆ ಆರಂಭದಲ್ಲಿ ಆಸರೆಯಾದವನು ಲಿಯು ಎಂಬ ಮನೆತನದ ಸಿರಿವಂತ. ಆತ ತನ್ನ ಆಸ್ತಿಯನ್ನೆಲ್ಲ ದಾನಮಾಡಿ ಮುಂದೆ ಬೌದ್ಧ ಭಿಕ್ಷುವಾದ. ೧೯೧೩ರಲ್ಲಿ ಛಿಂಗ್‌ಛುನ್ ಬೀಜಿಂಗಿನ ಶಿಕ್ಷಕರ ತರಬೇತಿ ಶಾಲೆಗೆ ಸೇರಿದ. ಊಟ, ಬಟ್ಟೆ, ಪುಸ್ತಕಗಳನ್ನು ಆ ಶಾಲೆಯೇ ಒದಗಿಸುತ್ತಿದ್ದುದು ಈ ಆಯ್ಕೆಗೆ ಕಾರಣ. ೧೯೧೮ರಲ್ಲಿ ತೇರ್ಗಡೆಯಾಗಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯನಾದ. ಎರಡು ವರ್ಷಗಳ ನಂತರ ಶಾಲೆಗಳ ತನಿಖಾಧಿಕಾರಿಯ ಹುದ್ದೆ ದೊರೆಯಿತು. ಅಲ್ಲಿನ ಅಧಿಕಾರಿವರ್ಗದ ಭ್ರಷ್ಟತೆಗೆ ಬೇಸತ್ತು ೧೯೨೨ರಲ್ಲಿ ಅದನ್ನು ಬಿಟ್ಟು, ಕಡಿಮೆ ಸಂಬಳದ ಅಧ್ಯಾಪನಕ್ಕೆ ಮರಳಿದ. ಅದೇ ವರ್ಷ ಕ್ರೈಸ್ತಧರ್ಮವನ್ನು ಸ್ವೀಕರಿಸಿದ. ತನ್ನ ಮನೆತನದ ಹೆಸರಿನ ‘ಷು’ ಎಂಬ ಲಿಪಿಚಿಹ್ನೆಯನ್ನು ಎರಡಾಗಿ ಒಡೆದು ‘ಷೆಯು’ ಎಂಬ ಹೆಸರನ್ನು ಅವನು ಕಟ್ಟಿಕೊಂಡಿದ್ದ. ‘ನನ್ನತನವನ್ನು ತ್ಯಜಿಸುವುದು’ ಎಂಬ ಅರ್ಥ ಅದರಿಂದ ಹೊರಡುತ್ತದೆ. ‘ಲಾವೋ ಷೆ’ ಎಂಬ ಕಾವ್ಯನಾಮಕ್ಕೂ ಇದೇ ಮೂಲ.

ಅವನು ಶಿಕ್ಷಕನಾಗಿದ್ದ ಈ ವರ್ಷಗಳಲ್ಲೇ ಚೀನದಲ್ಲಿ ಭಾಷೆಯ ಪ್ರಶ್ನೆ ಭುಗಿಲೆದ್ದಿತ್ತು. ಎರಡು ಸಾವಿರ ವರ್ಷಗಳಿಂದ ಬರವಣಿಗೆಯ ಭಾಷೆಯಾಗಿದ್ದ ಪ್ರಾಚೀನ ಗ್ರಾಂಥಿಕ ಚೀನಿಯ ಬದಲಿಗೆ ‘ಬಾಯ್‌ಹುವಾ’ ಎಂಬ ಆಡುನುಡಿಯಾಧಾರಿತ ಭಾಷೆಯಲ್ಲಿ ಬರೆಯಬೇಕೆಂದು ಹು ಷಿ ಮೊದಲಾದವರು ೧೯೧೭ರಿಂದ ವಾದಿಸತೊಡಗಿದ್ದರು. ೧೯೧೯ರ ಮೇ ನಾಲ್ಕರ ಚಳವಳಿಯು ಈ ವಾದಕ್ಕೆ ರಾಷ್ಟ್ರೀಯ ಆಯಾಮವನ್ನು ತಂದುಕೊಟ್ಟಿತು. ಆದರೆ ಆಡುನುಡಿಯ ಪರವಾಗಿ ವಾದಿಸುವುದು ಬೇರೆ, ಆಡುನುಡಿಯಲ್ಲಿ ಬರೆಯುವುದು ಬೇರೆ. ಆ ಕಾಲದ ‘ಬಾಯ್‌ಹುವಾ’ ಬರಹದಲ್ಲಿ ಗ್ರಾಂಥಿಕ ನುಡಿಗಟ್ಟುಗಳೂ ಪಾಶ್ಚಾತ್ಯ ವಾಕ್ಯರಚನೆಯೂ ಧಾರಾಳವಾಗಿ ಬೆರೆತಿದ್ದವು. ಬೀದಿಯಲ್ಲಿ ಜನ ಆಡುವ ಮಾತಿಗೂ ಹೊಸ ಸಾಹಿತ್ಯದ ಮಾತಿಗೂ ನಡುವೆ ಇನ್ನೂ ದೊಡ್ಡ ಕಂದರವೇ ಇತ್ತು.

೩

ಬೀಜಿಂಗಿನಲ್ಲಿ ಇಂಗ್ಲಿಷ್ ಕಲಿಯುವಾಗ ಪರಿಚಿತನಾದ ಇವಾನ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಶಿಫಾರಸಿನಿಂದ ಛಿಂಗ್‌ಛುನ್‌ಗೆ ಲಂಡನ್ನಿನ ಪೌರಸ್ತ್ಯ ಅಧ್ಯಯನ ಶಾಲೆಯಲ್ಲಿ ಚೀನೀ ಭಾಷೆಯ ಉಪನ್ಯಾಸಕನ ಹುದ್ದೆ ದೊರೆಯಿತು. ೧೯೨೪ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ ತಲುಪಿದ. ಅಲ್ಲಿ ಅವನ ಹೆಸರು ಕಾಲಿನ್ ಸಿ. ಷು ಎಂದಾಯಿತು. ವಾರ್ಷಿಕ ವೇತನ ೨೫೦ ಪೌಂಡು. ಲಂಡನ್ನಿನ ಜೀವನವೆಚ್ಚವನ್ನು ಭರಿಸಿ ಊರಿನಲ್ಲಿದ್ದ ತಾಯಿಗೂ ಹಣ ಕಳಿಸಲು ಈ ಮೊತ್ತ ಸಾಲದೆಂದು ಮನವಿ ಮಾಡಿಕೊಂಡ ಮೇಲೆ, ೧೯೨೬ರಲ್ಲಿ ಅದು ೩೦೦ ಪೌಂಡಿಗೆ ಏರಿತು.

ಈ ಶಾಲೆಯ ಸ್ವರೂಪವನ್ನು ಅರಿಯದೆ ಅವನ ಕೆಲಸದ ಸ್ವರೂಪವನ್ನು ಅರಿಯಲಾಗದು. ೧೯೧೬ರಲ್ಲಿ ಸ್ಥಾಪನೆಗೊಂಡು ೧೯೧೭ರಲ್ಲಿ ಬೋಧನೆಯನ್ನು ಆರಂಭಿಸಿದ ಈ ಸಂಸ್ಥೆಯೇ ೧೯೩೮ರಲ್ಲಿ ಪೌರಸ್ತ್ಯ ಮತ್ತು ಆಫ್ರಿಕನ್ ಅಧ್ಯಯನ ಶಾಲೆಯೆಂಬ ಹೆಸರನ್ನು ಪಡೆಯಿತು. ಸಾಮ್ರಾಜ್ಯದ ಆಡಳಿತ, ಸೇನೆ, ವ್ಯಾಪಾರ ಹಾಗೂ ಧರ್ಮಪ್ರಸಾರಕ್ಕೆ ಬೇಕಾದ ಭಾಷಾಜ್ಞಾನವನ್ನು ಒದಗಿಸುವುದು ಇದರ ಮುಖ್ಯ ಉದ್ದೇಶಗಳಲ್ಲೊಂದು. ಚೀನಕ್ಕೆ ನಿಯೋಜಿತರಾಗಲಿದ್ದ ಸೇನಾಧಿಕಾರಿಗಳು, ಅಲ್ಲಿನ ಶಾಖೆಗಳಿಗೆ ಹೊರಟ ಬ್ಯಾಂಕಿನ ಕಿರಿಯ ನೌಕರರು, ಪಾದ್ರಿಗಳು ಇಲ್ಲಿ ಕಲಿಯುತ್ತಿದ್ದರು. ಸೇನಾಧಿಕಾರಿಗಳಿಗೆ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಹಣದ ಪ್ರೋತ್ಸಾಹವೂ ಇತ್ತು. ಇವರೊಂದಿಗೆ ಯಾವ ಲೌಕಿಕ ಪ್ರಯೋಜನವನ್ನೂ ಬಯಸದೆ ಬರುತ್ತಿದ್ದ ಜಿಜ್ಞಾಸುಗಳೂ ಇದ್ದರು. ಎಪ್ಪತ್ತು ದಾಟಿದ ವೃದ್ಧರಿಂದ ಹಿಡಿದು ಹದಿಹರೆಯದ ಬಾಲಕನವರೆಗೆ ಯಾರು ಶುಲ್ಕ ಕೊಟ್ಟು ಬಂದರೂ ಶಾಲೆ ಸೇರಿಸಿಕೊಳ್ಳುತ್ತಿತ್ತೆಂದು ಲಾವೋ ಷೆ ೧೯೩೭ರ ಪ್ರಬಂಧವೊಂದರಲ್ಲಿ ನೆನೆದಿದ್ದಾನೆ. ಒಬ್ಬನಿಗೆ ಮಾತನಾಡಲು ಕಲಿಯಬೇಕು, ಇನ್ನೊಬ್ಬನಿಗೆ ಪ್ರಾಚೀನ ಗ್ರಂಥವನ್ನು ಓದಬೇಕು. ಬೇಡಿಕೆ ಬೇರೆಬೇರೆಯಾದುದರಿಂದ ಎಲ್ಲರನ್ನೂ ಒಂದು ತರಗತಿಯಲ್ಲಿ ಕೂಡಿಸುವುದು ಸಾಧ್ಯವಿರಲಿಲ್ಲ. ಬಹುಮಟ್ಟಿಗೆ ಒಬ್ಬೊಬ್ಬರಿಗೇ ಪ್ರತ್ಯೇಕ ಪಾಠ ನಡೆಯುತ್ತಿತ್ತು.

ವಯಸ್ಕನಿಗೆ ಭಾಷೆ ಕಲಿಸುವ ಕಾರ್ಯ ಮಗುವಿಗೆ ಕಲಿಸುವುದಕ್ಕಿಂತ ಭಿನ್ನವಾದುದು. ಮಗು ಅನುಕರಿಸುತ್ತದೆ, ವಯಸ್ಕ ಕಾರಣ ಕೇಳುತ್ತಾನೆ. ಬೀಜಿಂಗ್ ನುಡಿಯಲ್ಲಿ ನಾಲ್ಕು ಸ್ವರಗತಿಗಳಿವೆ. ‘ಮಾ’ ಎಂಬ ಒಂದೇ ಉಚ್ಚಾರಾಂಶವು ಸ್ವರದ ಏರಿಳಿತಕ್ಕೆ ಅನುಗುಣವಾಗಿ ತಾಯಿ, ಸೆಣಬು, ಕುದುರೆ, ಬೈಯುವುದು ಎಂಬ ಬೇರೆಬೇರೆ ಅರ್ಥಗಳನ್ನು ಕೊಡುತ್ತದೆ. ತಾಯ್ನುಡಿಗನಿಗೆ ಈ ವ್ಯತ್ಯಾಸ ಉಸಿರಿನಷ್ಟೇ ಸಹಜವಾದುದರಿಂದ ಅದು ಅವನ ಅರಿವಿಗೆ ಬರುವುದೇ ಇಲ್ಲ. ಅದನ್ನು ಬಿಡಿಸಿ ತೋರಿಸಬೇಕಾದಾಗ ಮಾತ್ರ ಅವನಿಗೆ ತನ್ನ ಮಾತಿನ ಕಟ್ಟು ಕಾಣಿಸುತ್ತದೆ. ಯಾವ ಪದ ಎಲ್ಲಿ ಒತ್ತನ್ನು ಪಡೆಯುತ್ತದೆ, ಯಾವ ಅವ್ಯಯ ಮಾತನಾಡುವವನ ಮನೋಭಾವವನ್ನು ಹೇಗೆ ಬದಲಿಸುತ್ತದೆ, ಹಿರಿಯರೊಡನೆಯೂ ಅಂಗಡಿಯವನೊಡನೆಯೂ ಮಾತು ಹೇಗೆ ಬೇರೆಯಾಗುತ್ತದೆ ಎಂಬುದನ್ನೆಲ್ಲ ಅವನು ದಿನವೂ ವಿವರಿಸಬೇಕಾಗಿತ್ತು. ಸಾವಿರಾರು ಲಿಪಿಚಿಹ್ನೆಗಳನ್ನು ಬಲ್ಲ, ಆದರೆ ಒಂದು ಸರಳ ಸಂಭಾಷಣೆಯನ್ನೂ ನಡೆಸಲಾರದ ವಿದ್ವಾಂಸರನ್ನು ಅಲ್ಲಿ ಅವನು ಕಂಡ. ಬರಹವನ್ನು ಬಲ್ಲವನು ಭಾಷೆಯನ್ನು ಬಲ್ಲನೆಂದು ಹೇಳಲಾಗದು ಎಂಬ ತಿಳಿವು ಅವನಿಗೆ ಪುಸ್ತಕದಿಂದ ಬಂದುದಲ್ಲ, ಪಾಠದ ಕೋಣೆಯಿಂದ ಬಂದುದು ಎನ್ನಬಹುದು.

೪

ವಸಾಹತುಶಾಹಿ ಸಂದರ್ಭದ ಭಾಷಾಬೋಧನೆಯಲ್ಲಿ ದೇಶೀಯ ಶಿಕ್ಷಕನ ಸ್ಥಾನಮಾನದ ಪ್ರಶ್ನೆ ಕನ್ನಡ ಅಧ್ಯಯನಕಾರರಿಗೆ ಅಪರಿಚಿತವಾದುದೇನಲ್ಲ. ೧೮೧೨ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಕಂಪನಿಯ ತರುಣ ಅಧಿಕಾರಿಗಳಿಗೆ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸಿದವರು ಇಲ್ಲಿನ ಪಂಡಿತರು ಹಾಗೂ ಮುನ್ಷಿಗಳು. ಆ ಪರಿಸರದಲ್ಲಿ ರೂಪುಗೊಂಡ ವ್ಯಾಕರಣಗಳ ಮುಖಪುಟದಲ್ಲಿ ಮಾತ್ರ ಉಳಿದದ್ದು, ೧೮೨೦ರ ಮೆಕೆರೆಲ್‌ನ ಕನ್ನಡ ವ್ಯಾಕರಣದಲ್ಲಿ ಕಾಣುವಂತೆ, ಆಂಗ್ಲ ಅಧಿಕಾರಿಯ ಹೆಸರು. ಲಂಡನ್ನಿನ ಶಾಲೆ ಇದೇ ಪರಂಪರೆಯ ಮುಂದುವರಿಕೆ. ಅಲ್ಲಿ ಚೀನೀ ವಿಭಾಗದ ಪ್ರಾಧ್ಯಾಪಕನಾಗಿದ್ದವನು ಹಿಂದೆ ಚೀನದಲ್ಲಿ ಪಾದ್ರಿಯಾಗಿದ್ದ ಪರ್ಸಿ ಬ್ರೂಸ್. ಅವನೊಡನೆ ಇವಾಂಜೆಲಿನ್ ಡೋರಾ ಎಡ್ವರ್ಡ್ಸ್ ಉಪನ್ಯಾಸಕಿಯಾಗಿದ್ದಳು. ಮಾತಿನ ಪಾಠದ ಭಾರ ಸಹಜವಾಗಿಯೇ ತಾಯ್ನುಡಿಗನಾದ ಷುವಿನ ಮೇಲೆ ಬಿತ್ತು. ಗ್ರಾಂಥಿಕ ಚೀನಿ, ಅನುವಾದ, ಧಾರ್ಮಿಕ ಗ್ರಂಥಗಳ ವಾಚನವೂ ಅವನ ಪಾಲಿಗಿದ್ದವು.

ಆದರೆ ಅವನನ್ನು ಮುನ್ಷಿಗಳ ಸಾಲಿಗೆ ನೇರವಾಗಿ ಸೇರಿಸುವುದು ಸರಿಯಾಗದು. ಅವನು ಉಪನ್ಯಾಸಕನೆಂಬ ಪದನಾಮವನ್ನು ಪಡೆದಿದ್ದ. ೧೯೨೬ರಲ್ಲಿ ಟಾಂಗ್ ಕಾಲದ ಪ್ರೇಮಕಥೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಸಾರ್ವಜನಿಕ ಉಪನ್ಯಾಸವನ್ನೂ ನೀಡಿದ್ದ. ಅವನ ಹೆಸರು ಉಳಿದುಕೊಂಡ ಬಗೆಯೂ ಕುತೂಹಲಕರವಾಗಿದೆ. ಲಿಂಗ್ವಾಫೋನ್ ಸಂಸ್ಥೆ ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಯಲ್ಲೇ ಭಾಷೆ ಕಲಿಯುವ ಪಾಠಮಾಲೆಗಳನ್ನು ಹೊರತರುತ್ತಿತ್ತು. ಅದರ ಚೀನೀ ಪಾಠಮಾಲೆಯನ್ನು ಸಿದ್ಧಪಡಿಸಿದವರು ಬ್ರೂಸ್, ಎಡ್ವರ್ಡ್ಸ್ ಮತ್ತು ಷು. ಮೂರು ಹೆಸರುಗಳಲ್ಲಿ ಅವನದು ಕೊನೆಯದು. ಆದರೆ ತಟ್ಟೆಯಿಂದ ಹೊಮ್ಮುವ ದನಿ ಅವನದು. ಶಾಲೆಗೆ ಬರಲಾಗದ ವಯಸ್ಕ ಕಲಿಕಾರ್ಥಿಗಳು ತಮ್ಮ ಮನೆಗಳಲ್ಲಿ ಕುಳಿತು ಬೀಜಿಂಗ್ ಮಾತಿನ ಲಯವನ್ನು ಕಲಿತದ್ದು, ಬಟ್ಟೆ ಒಗೆದು ಮಗನನ್ನು ಸಾಕಿದ ನಿರಕ್ಷರಿ ತಾಯಿಯ ಮನೆಯಲ್ಲಿ ರೂಪುಗೊಂಡ ಉಚ್ಚಾರಣೆಯಿಂದ. ಆ ದನಿಯ ಒಡೆಯ ಮುಂದೆ ಚೀನದ ಶ್ರೇಷ್ಠ ಕಾದಂಬರಿಕಾರನಾಗುವನೆಂದು ಆಗ ಯಾರೂ ಊಹಿಸಿರಲಾರರು.

ಶಾಲೆಯ ಹೊರಗೂ ಒಂದು ಪಾಠ ನಡೆಯಿತು. ೧೯೨೫ರಿಂದ ೧೯೨೮ರವರೆಗೆ ಅವನು ಪಶ್ಚಿಮ ಲಂಡನ್ನಿನ ಸೇಂಟ್ ಜೇಮ್ಸ್ ಗಾರ್ಡನ್ಸ್‌ನ ೩೧ನೆಯ ಸಂಖ್ಯೆಯ ಮನೆಯಲ್ಲಿ ಕ್ಲೆಮೆಂಟ್ ಎಜರ್ಟನ್ ದಂಪತಿಗಳೊಡನೆ ವಾಸಿಸಿದ. ಮನೆಬಾಡಿಗೆ ಷುವಿನದು, ಊಟದ ವೆಚ್ಚ ಎಜರ್ಟನ್‌ನದು ಎಂಬುದು ಒಪ್ಪಂದ. ಇಬ್ಬರೂ ತಮ್ಮ ತಮ್ಮ ಭಾಷೆಗಳನ್ನು ವಿನಿಮಯ ಮಾಡಿಕೊಂಡರು. ಈ ಸಹವಾಸದಲ್ಲಿ ಎಜರ್ಟನ್ ಮಿಂಗ್ ಕಾಲದ ‘ಜಿನ್ ಪಿಂಗ್ ಮೇಯ್’ ಎಂಬ ಬೃಹತ್ ಕಾದಂಬರಿಯ ಅನುವಾದಕ್ಕೆ ತೊಡಗಿದ. ೧೯೩೯ರಲ್ಲಿ ನಾಲ್ಕು ಸಂಪುಟಗಳಲ್ಲಿ ‘ದಿ ಗೋಲ್ಡನ್ ಲೋಟಸ್’ ಎಂಬ ಹೆಸರಿನಲ್ಲಿ ಅದು ಪ್ರಕಟವಾದಾಗ ಅನುವಾದಕ ಅದನ್ನು ತನ್ನ ಮಿತ್ರ ಸಿ. ಸಿ. ಷುವಿಗೆ ಅರ್ಪಿಸಿದ. ವಯಸ್ಕನೊಬ್ಬನ ಭಾಷಾಕಲಿಕೆ ವ್ಯವಹಾರದ ಮಟ್ಟವನ್ನು ದಾಟಿ ಒಂದು ಸಂಸ್ಕೃತಿಯ ಮಹಾಕೃತಿಯವರೆಗೆ ಸಾಗಿದ್ದಕ್ಕೆ ಇದು ಉತ್ತಮ ನಿದರ್ಶನ.

೫

ಶಾಲೆಯ ವರ್ಷವನ್ನು ಹತ್ತು ಹತ್ತು ವಾರಗಳ ಮೂರು ಅವಧಿಗಳಾಗಿ ವಿಂಗಡಿಸಿದ್ದುದರಿಂದ ರಜೆ ದೀರ್ಘವಾಗಿರುತ್ತಿತ್ತು. ಆ ರಜೆಯಲ್ಲಿ ಶಾಲೆಯ ಗ್ರಂಥಾಲಯವೇ ಅವನ ಬರವಣಿಗೆಯ ತಾಣವಾಯಿತು. ಇಂಗ್ಲಿಷನ್ನು ಸುಧಾರಿಸಿಕೊಳ್ಳಲೆಂದು ಅವನು ಡಿಕೆನ್ಸ್‌ನ ಕಾದಂಬರಿಗಳನ್ನು ಓದತೊಡಗಿದ್ದ. ಬೋಧಕನೂ ಇಲ್ಲಿ ಪರಭಾಷೆಯನ್ನು ಕಲಿಯುವ ವಯಸ್ಕನೇ ಎಂಬುದನ್ನು ಮರೆಯುವಂತಿಲ್ಲ. ಓದು, ಊರಿನ ನೆನಪು, ಒಂಟಿತನ ಇವೆಲ್ಲ ಸೇರಿ ಅಗ್ಗದ ಶಾಲಾ ನೋಟ್‌ಪುಸ್ತಕಗಳಲ್ಲಿ ‘ಲಾವೋ ಝಾಂಗನ ತತ್ತ್ವಜ್ಞಾನ’ ಎಂಬ ಮೊದಲ ಕಾದಂಬರಿ ಮೂಡಿತು. ಆಗ ಇಂಗ್ಲೆಂಡಿನಲ್ಲಿದ್ದ ಮಿತ್ರ ಶ್ಯು ದಿಷಾನ್ ಅದನ್ನು ಕೇಳಿ ಮೆಚ್ಚಿ, ಚೀನಕ್ಕೆ ಕಳಿಸಲು ಪ್ರೇರೇಪಿಸಿದ. ಈ ಶ್ಯು ದಿಷಾನ್ ಸಂಸ್ಕೃತವನ್ನೂ ಭಾರತೀಯ ಧರ್ಮಗಳನ್ನೂ ಅಭ್ಯಸಿಸಿ, ಮುಂದೆ ಬಂಗಾಳದ ಜನಪದ ಕಥೆಗಳನ್ನು ಚೀನೀ ಭಾಷೆಗೆ ತಂದ ಲೇಖಕ. ಕಾದಂಬರಿ ೧೯೨೬ರಲ್ಲಿ ಷಾಂಘಾಯ್‌ನ ಪ್ರಸಿದ್ಧ ಕಥಾ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ‘ಲಾವೋ ಷೆ’ ಎಂಬ ಹೆಸರು ಮೊದಲು ಅಚ್ಚಾದುದು ಅಲ್ಲಿಯೇ. ೧೯೨೭ರಲ್ಲಿ ‘ಝಾವೋ ತ್ಸಿಯುಯೆ’, ೧೯೨೯ರಲ್ಲಿ ‘ಇಬ್ಬರು ಮಾ’ ಎಂಬ ಕಾದಂಬರಿಗಳು ಅದೇ ಪತ್ರಿಕೆಯಲ್ಲಿ ಪ್ರಕಟವಾದವು.

ಈ ಮೂರು ಕೃತಿಗಳನ್ನು ಭಾಷೆಯ ದೃಷ್ಟಿಯಿಂದ ಒಟ್ಟಾಗಿ ನೋಡಿದರೆ ಒಂದು ನಡೆ ಸ್ಪಷ್ಟವಾಗುತ್ತದೆ. ಮೊದಲ ಕಾದಂಬರಿಯಲ್ಲಿ ಹಾಸ್ಯಕ್ಕಾಗಿ ಗ್ರಾಂಥಿಕ ನುಡಿಗಟ್ಟುಗಳನ್ನು ಆಡುನುಡಿಯೊಡನೆ ಬೆರೆಸಲಾಗಿದೆ. ‘ಇಬ್ಬರು ಮಾ’ ಕೃತಿಗೆ ಬರುವ ಹೊತ್ತಿಗೆ ಲೇಖಕ ಗ್ರಾಂಥಿಕದ ಆಸರೆಯನ್ನು ಪ್ರಜ್ಞಾಪೂರ್ವಕವಾಗಿ ಬಿಟ್ಟು, ಬೀಜಿಂಗ್ ಮಾತಿನಿಂದಲೇ ವರ್ಣನೆಯನ್ನೂ ಭಾವವನ್ನೂ ಹೊಮ್ಮಿಸಲು ಯತ್ನಿಸುತ್ತಾನೆ. ಈ ನಿರ್ಧಾರವನ್ನು ಅವನು ತನ್ನ ಬರವಣಿಗೆಯನ್ನು ಕುರಿತ ಪ್ರಬಂಧಗಳಲ್ಲಿ ವಿವರಿಸಿದ್ದಾನೆ. ಮಕ್ಕಳಿಗೂ ಅರ್ಥವಾಗುವಷ್ಟು ಸರಳ ಭಾಷೆಯಲ್ಲಿ ಇಂಗ್ಲಿಷಿನ ಉತ್ತಮ ಕೃತಿಗಳು ರಚಿತವಾಗಿರುವುದನ್ನು ಕಂಡದ್ದು ಇದಕ್ಕೊಂದು ಪ್ರೇರಣೆಯೆಂದು ಅವನು ಹೇಳಿಕೊಂಡಿದ್ದಾನೆ. ಈ ಕಾರಣದ ಜೊತೆಗೆ ನಿತ್ಯದ ಬೋಧನೆಯನ್ನೂ ಇಟ್ಟು ನೋಡಬೇಕು. ಆಡುಮಾತಿನ ಒಂದೊಂದು ವಾಕ್ಯವನ್ನೂ ಪರಕೀಯನೆದುರು ನಿಧಾನವಾಗಿ ಉಚ್ಚರಿಸಿ, ಬಿಡಿಸಿ, ಮತ್ತೆ ಜೋಡಿಸಿ ತೋರುತ್ತಿದ್ದ ಶಿಕ್ಷಕನೇ ರಜೆಯಲ್ಲಿ ಕುಳಿತು ಬರೆಯುತ್ತಿದ್ದವನು.

‘ಇಬ್ಬರು ಮಾ’ ಕಾದಂಬರಿಯ ವಸ್ತುವೂ ಈ ಅನುಭವದಿಂದಲೇ ಬಂದುದು. ತಂದೆ ಮತ್ತು ಮಗ ಲಂಡನ್ನಿಗೆ ಬಂದು ಪ್ರಾಚೀನ ವಸ್ತುಗಳ ಅಂಗಡಿಯನ್ನು ನಡೆಸುವ ಕಥೆಯಿದು. ಚೀನೀಯರೆಂದರೆ ಅಫೀಮು ಸೇದುವವರು, ಕೊಲೆಗಡುಕರು ಎಂಬ ಚಿತ್ರವನ್ನು ೧೯೧೩ರಿಂದ ಪ್ರಕಟವಾಗತೊಡಗಿದ ಫೂ ಮಾಂಚು ಕಾದಂಬರಿಗಳು ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಬೇರೂರಿಸಿದ್ದವು. ಅಂಥ ನಗರದಲ್ಲಿ ಚೀನೀ ಭಾಷೆಯನ್ನು ಕಲಿಸುವವನ ಪಾಡು ವಿಲಕ್ಷಣವಾದುದು. ಅವನ ಭಾಷೆಗೆ ಬೆಲೆಯಿದೆ, ಅವನ ಜನಕ್ಕೆ ಗೌರವವಿಲ್ಲ. ಅವನಿಂದ ಕಲಿತ ಮಾತನ್ನು ಅವನ ದೇಶವನ್ನು ನಿಯಂತ್ರಿಸಲು ಬಳಸುವವರೂ ಕಲಿಕಾರ್ಥಿಗಳಲ್ಲಿ ಇದ್ದಾರೆ. ತಂದೆಯನ್ನು ಕೊಂದ ಎಂಟು ಸೇನೆಗಳಲ್ಲಿ ಬ್ರಿಟಿಷ್ ಸೇನೆಯೂ ಒಂದು. ಮಗ ಅದೇ ಸೇನೆಯ ಅಧಿಕಾರಿಗಳಿಗೆ ಚೀನಿಯನ್ನು ಕಲಿಸುತ್ತಾನೆ. ಈ ವೈರುಧ್ಯವನ್ನು ಅವನು ಆಕ್ರೋಶವಾಗಿಸದೆ ವಿನೋದವಾಗಿಸಿದ. ಆಂಗ್ಲರ ಪೂರ್ವಗ್ರಹವನ್ನೂ ಚೀನೀ ತಂದೆಯ ಜಡತೆಯನ್ನೂ ಕಾದಂಬರಿ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ.

೬

೧೯೨೯ರಲ್ಲಿ ಲಂಡನ್ ಬಿಟ್ಟ ಲಾವೋ ಷೆ ಯೂರೋಪಿನಲ್ಲಿ ಸಂಚರಿಸಿ, ಸಿಂಗಪುರದ ಚೀನೀ ಶಾಲೆಯೊಂದರಲ್ಲಿ ಕೆಲಕಾಲ ಕಲಿಸಿ, ೧೯೩೦ರಲ್ಲಿ ಸ್ವದೇಶಕ್ಕೆ ಮರಳಿದ. ೧೯೩೧ರಲ್ಲಿ ಹು ಜಿಯೇಛಿಂಗ್‌ಳನ್ನು ವಿವಾಹವಾದ. ಜಿನಾನ್ ಮತ್ತು ಛಿಂಗ್ದಾವೋ ನಗರಗಳ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕನಾಗಿದ್ದು, ೧೯೩೬ರಲ್ಲಿ ವೃತ್ತಿಯನ್ನು ತ್ಯಜಿಸಿ ಪೂರ್ಣಾವಧಿ ಲೇಖಕನಾದ. ‘ಒಂಟೆ ಶಿಯಾಂಗ್ಜಿ’ ಪ್ರಕಟವಾಗತೊಡಗಿದುದು ಆ ವರ್ಷವೇ. ಲಂಡನ್ನಿನಲ್ಲಿ ಆರಂಭವಾದ ಭಾಷಾಪ್ರಯೋಗ ಇಲ್ಲಿ ಪಕ್ವವಾಯಿತು. ರಿಕ್ಷಾದವರ ಮಾತು ಇಲ್ಲಿ ಪಾತ್ರಗಳ ಸಂಭಾಷಣೆಗೆ ಸೀಮಿತವಾಗದೆ ನಿರೂಪಣೆಯ ಭಾಷೆಯೇ ಆಗಿದೆ. ಜಪಾನಿನೊಡನೆ ನಡೆದ ಯುದ್ಧದ ಕಾಲದಲ್ಲಿ ಅವನು ಪ್ರತಿರೋಧದ ಲೇಖಕರ ಸಂಘಟನೆಯ ಹೊಣೆಯನ್ನು ಹೊತ್ತು, ನಿರಕ್ಷರ ಜನತೆಗೂ ತಲುಪುವಂತೆ ಜಾನಪದ ಪ್ರಕಾರಗಳಲ್ಲಿ ಬರೆದ.

ಅನುವಾದದ ವಿಷಯದಲ್ಲಿ ಅವನಿಗಾದ ಎರಡು ಅನುಭವಗಳು ಪರಸ್ಪರ ವಿರುದ್ಧವಾದವು. ೧೯೪೫ರಲ್ಲಿ ಇವಾನ್ ಕಿಂಗ್ ಎಂಬಾತ ‘ಒಂಟೆ ಶಿಯಾಂಗ್ಜಿ’ಯನ್ನು ಇಂಗ್ಲಿಷಿಗೆ ತಂದ. ಪುಸ್ತಕ ಅಮೆರಿಕದಲ್ಲಿ ಅಪಾರವಾಗಿ ಮಾರಾಟವಾಯಿತು. ಆದರೆ ದುರಂತಾಂತ್ಯ ಸುಖಾಂತ್ಯವಾಗಿ ಬದಲಾಗಿತ್ತು. ೧೯೪೬ರಲ್ಲಿ ಅಮೆರಿಕಕ್ಕೆ ಹೋದ ಲಾವೋ ಷೆ ‘ನಾಲ್ಕು ತಲೆಮಾರು ಒಂದೇ ಸೂರಿನಡಿ’ ಎಂಬ ತನ್ನ ಮಹಾಕಾದಂಬರಿಯ ಅನುವಾದವನ್ನು ಐಡಾ ಪ್ರುಯಿಟ್‌ಳ ಜೊತೆ ಸೇರಿ ಸಿದ್ಧಪಡಿಸಿದ. ಚೀನದಲ್ಲೇ ಬೆಳೆದ ಆಕೆಗೆ ಮಾತಿನ ಭಾಷೆ ಚೆನ್ನಾಗಿ ತಿಳಿದಿತ್ತು. ಅವನು ಗಟ್ಟಿಯಾಗಿ ಓದುತ್ತಿದ್ದ, ಆಕೆ ಕೇಳುತ್ತ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡುತ್ತಿದ್ದಳು. ೧೯೫೧ರಲ್ಲಿ ಅದು ಸಂಕ್ಷಿಪ್ತ ರೂಪದಲ್ಲಿ ‘ದಿ ಯೆಲ್ಲೋ ಸ್ಟಾರ್ಮ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಮೂಲದ ಕೊನೆಯ ಅಧ್ಯಾಯಗಳ ಚೀನೀ ಹಸ್ತಪ್ರತಿ ಮುಂದೆ ನಾಶವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ದೊರೆತ ಪ್ರುಯಿಟ್‌ಳ ಹಸ್ತಪ್ರತಿಯಿಂದ ಆ ಅಧ್ಯಾಯಗಳನ್ನು ಮರಳಿ ಚೀನೀ ಭಾಷೆಗೆ ತಂದು ೨೦೧೭ರಲ್ಲಿ ಪ್ರಕಟಿಸಲಾಯಿತು. ಕಿವಿಯಿಂದ ಕೇಳಿ ಮಾಡಿದ ಅನುವಾದವೇ ಕಳೆದುಹೋದ ಮೂಲವನ್ನು ಇಷ್ಟರಮಟ್ಟಿಗಾದರೂ ಉಳಿಸಿತು.

೧೯೪೯ರ ಕೊನೆಯಲ್ಲಿ ಅವನು ಹೊಸ ಚೀನಕ್ಕೆ ಹಿಂದಿರುಗಿದ. ಬೀಜಿಂಗಿನ ಕೊಳೆಗೇರಿಯ ಬದುಕನ್ನು ಚಿತ್ರಿಸುವ ನಾಟಕಕ್ಕಾಗಿ ೧೯೫೧ರಲ್ಲಿ ನಗರಾಡಳಿತ ಅವನಿಗೆ ಜನತೆಯ ಕಲಾವಿದನೆಂಬ ಬಿರುದು ನೀಡಿತು. ೧೯೫೬ರಲ್ಲಿ ಸರ್ಕಾರ ಬೀಜಿಂಗ್ ಉಚ್ಚಾರಣೆಯನ್ನು ಆಧರಿಸಿದ ‘ಪುಥೊಂಗ್‌ಹುವಾ’ ಎಂಬ ಸಾಮಾನ್ಯ ಭಾಷೆಯ ಪ್ರಸಾರಕ್ಕಾಗಿ ರಚಿಸಿದ ಕೇಂದ್ರ ಸಮಿತಿಯ ಉಪಾಧ್ಯಕ್ಷರಲ್ಲಿ ಅವನೂ ಒಬ್ಬ. ಲಂಡನ್ನಿನ ಬೆರಳೆಣಿಕೆಯ ಕಲಿಕಾರ್ಥಿಗಳಿಗೆ ಕಲಿಸಿದ ಉಚ್ಚಾರಣೆ ಈಗ ಕೋಟ್ಯಂತರ ಜನರಿಗೆ ಮಾನಕವಾಗಬೇಕಾಗಿತ್ತು. ಆದರೆ ಮಾನಕ ಭಾಷೆಗೆ ಪ್ರಾದೇಶಿಕ ಸೊಗಡು ತೊಡಕು. ಬೀಜಿಂಗಿನ ಗಲ್ಲಿಗಳ ವಿಶಿಷ್ಟ ಪದಗಳನ್ನು ಮಿತವಾಗಿ ಬಳಸಬೇಕೆಂಬ ನಿಲುವಿಗೆ ಅವನು ಬಂದ. ಹಾಗಿದ್ದೂ ೧೯೫೭ರ ‘ಚಹದಂಗಡಿ’ಯಲ್ಲಿ ನಗರದ ಮಾತು ತನ್ನ ಪೂರ್ಣ ಜೀವಂತಿಕೆಯೊಡನೆ ನಿಂತಿದೆ. ಮಾನಕೀಕರಣದ ಅಧಿಕಾರಿಯೂ ಆಡುನುಡಿಯ ಕಲಾವಿದನೂ ಒಬ್ಬನೇ ಆಗಿದ್ದುದು ಅವನ ಕೊನೆಯ ದಶಕದ ಒಳಸಂಘರ್ಷ.

ಸಾಂಸ್ಕೃತಿಕ ಕ್ರಾಂತಿಯ ಆರಂಭದಲ್ಲಿ, ೧೯೬೬ರ ಆಗಸ್ಟ್ ೨೩ರಂದು, ರೆಡ್ ಗಾರ್ಡ್ ಪಡೆಯವರು ಅವನನ್ನು ಇತರ ಕಲಾವಿದರೊಡನೆ ಕನ್‌ಫ್ಯೂಷಿಯಸ್ ದೇವಾಲಯದ ಆವರಣಕ್ಕೆ ಎಳೆದೊಯ್ದು ಕ್ರೂರವಾಗಿ ಥಳಿಸಿದರು. ಮರುದಿನ ಅವನು ಮನೆಯಿಂದ ಹೊರಟು ತಾಯ್‌ಪಿಂಗ್ ಸರೋವರದ ಬಳಿಗೆ ಹೋದ. ಆ ನೀರಿನಲ್ಲಿ ಅವನ ಶವ ದೊರೆಯಿತು. ವಿದೇಶದಲ್ಲಿ ಬದುಕಿದ್ದುದು, ವಿದೇಶೀಯರೊಡನೆ ಒಡನಾಡಿದ್ದುದು ಸಂಶಯಕ್ಕೆ ಸಾಲುವಷ್ಟು ಕಾರಣವಾಗಿದ್ದ ಕಾಲವದು. ೧೯೭೮ರ ಜೂನ್‌ನಲ್ಲಿ ಅಧಿಕೃತವಾಗಿ ಗೌರವವನ್ನು ಮರಳಿಸಿದಾಗ ಚಿತಾಭಸ್ಮ ಉಳಿದಿರಲಿಲ್ಲ. ಕರಂಡಕದಲ್ಲಿ ಅವನ ಲೇಖನಿ, ಕನ್ನಡಕ ಮೊದಲಾದವನ್ನಿಟ್ಟು ಸಂಸ್ಕಾರ ನಡೆಸಲಾಯಿತು. ೨೦೦೩ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಗಾರ್ಡನ್ಸ್‌ನ ಮನೆಗೆ ಸ್ಮಾರಕ ಫಲಕವನ್ನು ಅಳವಡಿಸಲಾಯಿತು.

೭

ಒಟ್ಟಿನಲ್ಲಿ ಲಾವೋ ಷೆಯ ಬದುಕು ಭಾಷಾಬೋಧನೆಯನ್ನು ಕುರಿತು ಎರಡು ಸಂಗತಿಗಳನ್ನು ಮುನ್ನೆಲೆಗೆ ತರುತ್ತದೆ. ಮೊದಲನೆಯದು, ಅನ್ಯರಿಗೆ ತಾಯ್ನುಡಿಯನ್ನು ಕಲಿಸುವುದು ಸೃಜನಶೀಲತೆಗೆ ಹೊರತಾದ ಕೇವಲ ಯಾಂತ್ರಿಕ ಕಾಯಕವಲ್ಲ. ಬೋಧಕನಿಗೆ ಅದು ತನ್ನ ಭಾಷೆಯನ್ನು ಹೊರಗಿನಿಂದ ನೋಡುವ ಅವಕಾಶವನ್ನು ಕೊಡುತ್ತದೆ. ಚಳವಳಿಯ ಘೋಷಣೆಗಳಲ್ಲಿ ಸಿದ್ಧಾಂತವಾಗಿದ್ದ ಆಡುನುಡಿ ಲಾವೋ ಷೆಗೆ ಕೈಗೆಟುಕುವ ಸಾಮಗ್ರಿಯಾದುದರಲ್ಲಿ ಈ ಅವಕಾಶದ ಪಾಲು ದೊಡ್ಡದು. ಎರಡನೆಯದು, ಕಲಿಕೆಯ ಹಿಂದಿನ ಉದ್ದೇಶ ಏನೇ ಇರಲಿ, ಅದರ ಫಲ ಉದ್ದೇಶವನ್ನು ಮೀರಬಲ್ಲದು. ಸಾಮ್ರಾಜ್ಯದ ಅಗತ್ಯಕ್ಕಾಗಿ ತೆರೆದ ಶಾಲೆಯಲ್ಲಿ ಎಜರ್ಟನ್‌ನ ಮಿತ್ರ ಬೋಧಕನಾಗಿದ್ದ. ಅದೇ ಶಾಲೆಯ ಗ್ರಂಥಾಲಯದಲ್ಲಿ ಆಧುನಿಕ ಚೀನದ ಕಾದಂಬರಿಕಾರನೊಬ್ಬ ರೂಪುಗೊಂಡ. ನಮ್ಮಲ್ಲಿಯೂ ಕನ್ನಡೇತರ ವಯಸ್ಕರಿಗೆ ಕನ್ನಡ ಕಲಿಸುವ ಕೆಲಸವನ್ನು ವಿಭಾಗಗಳ ಅಂಚಿನ ಹೊಣೆಯೆಂದು ಕಾಣುವ ರೂಢಿಯಿದೆ. ಆ ಪಾಠದ ಕೋಣೆಯಲ್ಲಿ ಕಲಿಯುವವನು ವಿದ್ಯಾರ್ಥಿಯೊಬ್ಬನೇ ಅಲ್ಲ ಎಂಬುದನ್ನು ಲಾವೋ ಷೆಯ ಐದು ವರ್ಷಗಳು ಸಿದ್ಧಪಡಿಸುತ್ತವೆ.